ಚಕ್ರ ಇಳಿಯದಿದ್ದರೆ ಕಾಕ್‌ಪಿಟ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ?

ಕಿಟಕಿ_ಸೀಟು

ವಿಮಾನದ ಒಳಹೊರಗು ಗೊತ್ತಿರುವವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. 2024ರ ಅಕ್ಟೋಬರ್ 11ರ ಸಂಜೆ ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ನೆನಪಿದೆಯಾ? ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಚಕ್ರ ಆಡಿಸುವ ವ್ಯವಸ್ಥೆ) ತೊಂದರೆ ಎಂದು ಹೆಚ್ಚುಕಡಿಮೆ ಎರಡೂವರೆ ಗಂಟೆ ಅಲ್ಲೇ ಮೇಲೆ ಸುತ್ತಿತು. ಒಳಗೆ 141 ಪ್ರಯಾಣಿಕರು. ಟಿವಿಯವರು ಮ್ಯಾಪ್ ಮೇಲೆ ಸುತ್ತು ತೋರಿಸುತ್ತಾ, ಈಗ ಹೊಟ್ಟೆ ಮೇಲೆ ಇಳಿಯುತ್ತದೆ, ಆಗ ಇಳಿಯುತ್ತದೆ ಎಂದು ಉಸಿರು ಬಿಡದೆ ಹೇಳುತ್ತಿದ್ದರು. ಕೊನೆಗೆ ಚಕ್ರ ಸರಿಯಾಗಿಯೇ ಇಳಿದು, ಮಾಮೂಲಿ ವಿಮಾನದ ಹಾಗೆ ಬಂದು ನಿಂತಿತು.

ನನ್ನ ಪ್ರಶ್ನೆ ಇಷ್ಟೇ. ತೊಂದರೆ ಗೊತ್ತಾದ ತಕ್ಷಣ ಯಾಕೆ ಇಳಿಸುವುದಿಲ್ಲ? ಕೆಟ್ಟ ವಿಮಾನವನ್ನು ಅಷ್ಟು ಹೊತ್ತು ಗಾಳಿಯಲ್ಲೇ ಇಟ್ಟುಕೊಳ್ಳುವುದು ಜಾಸ್ತಿ ಅಪಾಯ ಅಲ್ವಾ? ಇಂಧನ ಹೊರಗೆ ಸುರಿದುಬಿಡಬಹುದಲ್ಲ? ಆ ಹೊತ್ತಿನಲ್ಲಿ ಮುಂದೆ ಕೂತ ಇಬ್ಬರು ಏನು ಮಾಡುತ್ತಿರುತ್ತಾರೆ? ಅಮ್ಮ ವರ್ಷಕ್ಕೊಮ್ಮೆ ಅಕ್ಕನ ಮನೆಗೆಂದು ಗಲ್ಫ್‌ಗೆ ಹೋಗಿಬರುತ್ತಾರೆ. ಆ ವಿಡಿಯೊ ನೋಡಿದ ಮೇಲೆ ನನಗೇ ಹೆದರಿಕೆ.

ಬಲಗಡೆ_ಸೀಟು

ಏರ್‌ಬಸ್ ಎ320 ಓಡಿಸುತ್ತೇನೆ, ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ತಿರುಚ್ಚಿಯದು ಬೋಯಿಂಗ್ 737-800, ನನ್ನ ವಿಮಾನ ಅಲ್ಲ. ಆದರೆ ದಾರಿ ಒಂದೇ.

ಮೊದಲು ಇಂಧನದ ವಿಷಯ ಮುಗಿಸುತ್ತೇನೆ. ಎ320 ಆಗಲಿ 737 ಆಗಲಿ, ಇಂಧನ ಹೊರಗೆ ಸುರಿಯುವ ವ್ಯವಸ್ಥೆಯೇ ಅದರಲ್ಲಿ ಇಲ್ಲ. ಅದು ಇರುವುದು ದೊಡ್ಡ ವಿಮಾನಗಳಲ್ಲಿ. 737-800 ಸುಮಾರು 79 ಟನ್ ತೂಕದಲ್ಲಿ ಮೇಲೇರಬಹುದು. ಇಳಿಯಲು ಮಿತಿ ಸುಮಾರು 66 ಟನ್. ನಡುವಿನ ತೂಕ ಸುಟ್ಟೇ ಕಳೆಯಬೇಕು. ಗಂಟೆಗೆ ಎರಡೂವರೆ ಟನ್ ಆಸುಪಾಸು ಉರಿಯುತ್ತದೆ, ಚಕ್ರ ಕೆಳಗೆ ಇದ್ದರೆ ಇನ್ನೂ ಜಾಸ್ತಿ. ಸುತ್ತುವುದು ಅದಕ್ಕೇ. ಬೆಂಕಿ ಬಿದ್ದಿದ್ದರೆ ಈ ಲೆಕ್ಕ ಯಾರೂ ನೋಡುವುದಿಲ್ಲ, ಭಾರ ಇದ್ದ ಹಾಗೆಯೇ ಇಳಿಸುತ್ತಾರೆ, ಆಮೇಲೆ ಎಂಜಿನಿಯರ್‌ಗಳು ತಪಾಸಣೆ ಮಾಡುತ್ತಾರೆ. ಚಕ್ರದ ತೊಂದರೆ ಬೆಂಕಿಯಂಥದಲ್ಲ. ಚಕ್ರ ಮೇಲೆ ಇದ್ದರೂ ರೆಕ್ಕೆ ಹಾರುತ್ತಲೇ ಇರುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ನೆಲ ಮುಟ್ಟುವವರೆಗೆ ಅದು ತೊಂದರೆಯೇ ಅಲ್ಲ. ಹಗುರವಾದಷ್ಟೂ ಇಳಿಯುವ ವೇಗ ಕಡಿಮೆ, ಉರಿಯಲು ಟ್ಯಾಂಕಿನಲ್ಲಿ ಉಳಿದಿರುವುದೂ ಕಡಿಮೆ.

ಇನ್ನು ಕಾಕ್‌ಪಿಟ್. ಚಕ್ರ ಇಳಿಸುವ ಲಿವರ್ ಕೆಳಗೆ ಹಾಕಿದಿರಿ. ಎಡ, ಬಲ, ಮೂಗು, ಮೂರಕ್ಕೂ ಹಸಿರು ಬರಬೇಕು. ಒಂದು ಬರಲಿಲ್ಲ, ಅಥವಾ ಕೆಂಪಿನಲ್ಲೇ ಉಳಿಯಿತು. ಮೊದಲ ಕೆಲಸ ಚಕ್ರದ್ದಲ್ಲ. ಇಳಿಯುವುದನ್ನು ಬಿಟ್ಟು ಮೇಲೇರುವುದು, ಸುರಕ್ಷಿತ ಎತ್ತರಕ್ಕೆ ಹೋಗಿ ಹೋಲ್ಡ್ ಹಿಡಿಯುವುದು, ಅಂದರೆ ಒಂದೇ ಜಾಗದಲ್ಲಿ ಸುತ್ತುವುದು. ಒಬ್ಬರು ವಿಮಾನ ಹಾರಿಸುತ್ತಾರೆ, ರೇಡಿಯೊ ಬಿಟ್ಟು ಬೇರೆ ಏನೂ ಮಾಡುವುದಿಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ಓದುತ್ತಾರೆ. ಈ ಹಂಚಿಕೆ ಬಾಯಲ್ಲಿ ಹೇಳಿ ಆಗಬೇಕು: “ಹಾರಿಸುವುದು ನಾನು, ರೇಡಿಯೊ ನನ್ನದು. ಚೆಕ್‌ಲಿಸ್ಟ್ ನಿಮ್ಮದು.” ಸುಮ್ನೆ ಅರ್ಥವಾಗಿರುತ್ತದೆ ಎಂದು ಬಿಡುವ ಹಾಗಿಲ್ಲ.

ನಮ್ಮ ವಿಮಾನದಲ್ಲಿ ಚಕ್ರದ ಸ್ಥಿತಿಯನ್ನು ಎರಡು ಕಂಪ್ಯೂಟರ್‌ಗಳು ಬೇರೆ ಬೇರೆಯಾಗಿ ಓದುತ್ತವೆ. ಸ್ಕ್ರೀನ್‌ನಲ್ಲಿ ಒಂದೊಂದು ಚಕ್ರಕ್ಕೂ ಎರಡೆರಡು ತ್ರಿಕೋನ. ಎರಡರಲ್ಲಿ ಒಂದು ಹಸಿರಾಗಿದ್ದರೂ ಸಾಕು, ಆ ಚಕ್ರ ಲಾಕ್ ಆಗಿದೆ ಎಂದೇ ಅರ್ಥ. ಎಷ್ಟೋ ಸಲ ಕಥೆ ಇಲ್ಲೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದರೆ ನಮ್ಮಿಬ್ಬರ ಸೀಟಿನ ನಡುವೆ, ಪೆಡಸ್ಟಲ್‌ನ (ಸ್ವಿಚ್, ಲಿವರ್‌ಗಳಿರುವ ಕಟ್ಟೆ) ಹಿಂಭಾಗದಲ್ಲಿ ಒಂದು ಹಿಡಿ ಇದೆ. ಎಳೆದು ಬಲಕ್ಕೆ ಮೂರು ಸುತ್ತು ತಿರುಗಿಸಬೇಕು. ಮೊದಲು ಹೈಡ್ರಾಲಿಕ್ ಒತ್ತಡ ಕಡಿತವಾಗುತ್ತದೆ, ಆಮೇಲೆ ಬಾಗಿಲಿನ ಕೊಂಡಿ, ಆಮೇಲೆ ಚಕ್ರದ ಕೊಂಡಿ ಬಿಡುತ್ತದೆ. ಚಕ್ರ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಹೀಗೆ ಇಳಿಸಿದ ಮೇಲೆ ಮೂಗಿನ ಚಕ್ರ ತಿರುಗಿಸುವ ಸ್ಟೀರಿಂಗ್ ಇರುವುದಿಲ್ಲ, ಚಕ್ರದ ಬಾಗಿಲು ತೆರೆದೇ ಇರುತ್ತದೆ. ರನ್‌ವೇ ಮೇಲೆ ನಿಂತು ಟ್ರಾಕ್ಟರ್ ಬರುವವರೆಗೆ ಕಾಯಬೇಕು. ಪ್ರಯಾಣಿಕರು ಗೊಣಗುವುದು ಆಗ.

ಹ್ಯಾಂಗರ್_ಮಾವ

ಬಲಗಡೆ ಸೀಟಿನವರು ಚೆನ್ನಾಗಿ ಹೇಳಿದರು. ನಾನು ನೆಲದ ಮೇಲಿನ ಮನುಷ್ಯ, ನಿವೃತ್ತ ಎಂಜಿನಿಯರ್. ಗ್ರೀಸ್ ಬಳಿದುಕೊಂಡವರ ಮಾತೂ ಸ್ವಲ್ಪ ಕೇಳಿ.

ಮೇಲೆ ಮಡಚಿದ ಚಕ್ರವನ್ನು ಹಿಡಿದಿರುವುದು ಉಕ್ಕಿನ ಒಂದು ಕೊಕ್ಕೆ. ಅಪ್‌ಲಾಕ್ ಅಂತೀವಿ. ಅದನ್ನು ಬಿಡಿಸಿದರೆ ನೂರಾರು ಕಿಲೋ ಭಾರದ ಕಾಲು ಕೆಳಗೆ ಬೀಳದೆ ಇನ್ನೆಲ್ಲಿಗೆ ಹೋಗುತ್ತದೆ? ಮೂಗಿನ ಚಕ್ರ ಮಡಚಿಕೊಳ್ಳುವುದು ಮುಂದಕ್ಕೆ. ಹಾಗಾಗಿ ಇಳಿಯುವಾಗ ಎದುರುಗಾಳಿಯೇ ಅದನ್ನು ಹಿಂದಕ್ಕೆ ತಳ್ಳಿ ಲಾಕ್‌ಗೆ ಕೂರಿಸುತ್ತದೆ. ಕೆಳಗೆ ಬಂದ ಮೇಲೆ ಸ್ಪ್ರಿಂಗ್‌ಗಳು ಲಾಕ್ ಹಿಡಿದುಕೊಳ್ಳುತ್ತವೆ, ಹೈಡ್ರಾಲಿಕ್ ಬೇಕಾಗಿಲ್ಲ. 737ರಲ್ಲಿ ಬಲಗಡೆ ಪೈಲಟ್ ಸೀಟಿನ ಹಿಂದೆ ನೆಲದಲ್ಲಿ ಒಂದು ಸಣ್ಣ ಮುಚ್ಚಳ. ತೆಗೆದರೆ ಮೂರು ಹಿಡಿಗಳು, ಒಂದೊಂದು ಚಕ್ರಕ್ಕೆ ಒಂದೊಂದು. ಕೇಬಲ್ ಎಳೆದರೆ ಕೊಕ್ಕೆ ಬಿಡುತ್ತದೆ. ಕಂಪ್ಯೂಟರ್ ಇಲ್ಲ, ಏನಿಲ್ಲ. ಹಳೆಯ 737ಗಳಲ್ಲಿ ಕ್ಯಾಬಿನ್ ನೆಲದಲ್ಲೇ ಒಂದು ಪುಟ್ಟ ಇಣುಕು ಕಿಂಡಿ ಇತ್ತು. ಕಾರ್ಪೆಟ್ ಸರಿಸಿ ಬಗ್ಗಿ ನೋಡಿದರೆ ಹಿಂದಿನ ಚಕ್ರದ ಲಾಕ್ ಮೇಲೆ ಬಳಿದ ಗುರುತು ಕಾಣಿಸುತ್ತಿತ್ತು. ಎಷ್ಟು ಚೆಂದದ ಏರ್ಪಾಡು ನೋಡಿ. ಹೊಸ ವಿಮಾನಗಳಲ್ಲಿ ಅದಿಲ್ಲ, ಸೆನ್ಸರ್ ಮೇಲೆ ನಂಬಿಕೆ ಬಂದಿದೆ.

ಈ ಸೆನ್ಸರ್‌ಗಳೇ ಅರ್ಧ ತಲೆನೋವು. ಚಕ್ರದ ಗೂಡು ಅಂದರೆ ಮಳೆನೀರು, ಕೆಸರು, ರನ್‌ವೇ ಧೂಳು, ಬ್ರೇಕಿನ ಬಿಸಿ, ಮೇಲೆ ಹೋದರೆ ಮೈನಸ್ ಐವತ್ತರ ಚಳಿ. ಅಂಥ ಜಾಗದಲ್ಲಿ ಸಣ್ಣ ಸೆನ್ಸರ್ ಎಷ್ಟು ದಿನ ಸತ್ಯ ಹೇಳೀತು?

ಗೇರ್ ಸ್ವಿಂಗ್, ಅಂದರೆ ಹ್ಯಾಂಗರ್‌ನಲ್ಲೇ ಚಕ್ರ ಮಡಚಿ ಇಳಿಸಿ ನೋಡುವ ಪರೀಕ್ಷೆ, ನೋಡಿಲ್ಲದವರಿಗೆ ಹೇಳುತ್ತೇನೆ. ವಿಮಾನವನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಹೊರಗಿನಿಂದ ಹೈಡ್ರಾಲಿಕ್ ಗಾಡಿ ಜೋಡಿಸುತ್ತಾರೆ. ಒಬ್ಬ ಕಾಕ್‌ಪಿಟ್‌ನಲ್ಲಿ, ಒಬ್ಬ ಕೆಳಗೆ ಹೆಡ್‌ಸೆಟ್ ಹಾಕಿಕೊಂಡು. ಸುತ್ತ ಹಗ್ಗ ಕಟ್ಟಿ ಎಲ್ಲರನ್ನೂ ದೂರ ಕಳಿಸುತ್ತಾರೆ, ಯಾಕೆಂದರೆ ಆ ಬಾಗಿಲಿನ ಸಂದಿಗೆ ಸಿಕ್ಕರೆ ಮನುಷ್ಯ ಉಳಿಯುವುದಿಲ್ಲ. “ಗೇರ್ ಅಪ್” ಅಂದ ಕೂಡಲೆ ಅಷ್ಟು ದೊಡ್ಡ ಕಾಲು ಬಾಗಿ ಹೊಟ್ಟೆಯೊಳಗೆ ಸೇರುತ್ತದೆ, ಬಾಗಿಲು ಮುಚ್ಚುತ್ತದೆ, ಹ್ಯಾಂಗರ್ ನೆಲವೇ ನಡುಗಿದ ಹಾಗೆ. ಇಳಿಯುವಾಗ ಕೊನೆಗೆ ಒಂದು ಗಟ್ಟಿ ಸದ್ದು, ಲಾಕ್ ಕೂತದ್ದು. ನಾವು ಲೈಟ್‌ಗಿಂತ ಮೊದಲು ಆ ಸದ್ದಿಗೆ ಕಿವಿ ಕೊಡುತ್ತಿದ್ದೆವು. ಹೈಡ್ರಾಲಿಕ್ ಎಣ್ಣೆ ನೇರಳೆ ಬಣ್ಣದ್ದು, ಕಣ್ಣಿಗೆ ಹಾರಿದರೆ ಮೆಣಸಿನಪುಡಿ ಏನೂ ಅಲ್ಲ.

ಪ್ರಶ್ನೆರಾಯ

ಮಾವ, ಕೊಕ್ಕೆ ಬಿಟ್ಟರೆ ತಾನೇ ಬೀಳುತ್ತದೆ ಅಂದಿರಿ. ಸರಿ. ಹಾಗಾದರೆ 2011ರಲ್ಲಿ ವಾರ್ಸಾದಲ್ಲಿ ಆ ಪೋಲಿಷ್ 767 ಯಾಕೆ ಹೊಟ್ಟೆ ಮೇಲೆ ಇಳಿಯಿತು? ಮೂರಕ್ಕೆ ಮೂರೂ ಇಳಿಯಲಿಲ್ಲ. ಗುರುತ್ವಾಕರ್ಷಣೆ ಅವತ್ತು ರಜೆಯಾ?

ಹ್ಯಾಂಗರ್_ಮಾವ

ರಾಯರೇ, ನೀವು ಕೇಳೇ ಕೇಳುತ್ತೀರಿ ಎಂದು ಗೊತ್ತಿತ್ತು.

2011ರ ನವೆಂಬರ್ 1. ಲಾಟ್ ಸಂಸ್ಥೆಯ ವಿಮಾನ, ನೆವಾರ್ಕ್‌ನಿಂದ ವಾರ್ಸಾಕ್ಕೆ. ಒಳಗೆ 231 ಜನ. ಹೊರಟು ಚಕ್ರ ಮಡಚಿಕೊಂಡ ಹೊತ್ತಿಗೇ ಬಲಗಾಲಿನ ಒಂದು ಹೈಡ್ರಾಲಿಕ್ ಹೋಸ್ ಒಡೆದು ನಡುವಿನ ಹೈಡ್ರಾಲಿಕ್ ವ್ಯವಸ್ಥೆಯ ಎಣ್ಣೆ ಎಲ್ಲ ಸೋರಿಹೋಯಿತು. ಪೈಲಟ್‌ಗಳಿಗೆ ಗೊತ್ತಿತ್ತು. ಆದರೂ ಅಟ್ಲಾಂಟಿಕ್ ದಾಟಿ ಊರಿಗೇ ಬಂದರು. ಹುಚ್ಚಾ ಅನ್ನಿಸಬಹುದು, ಅಲ್ಲ. ಚಕ್ರ ಇಳಿಸಲು ಇನ್ನೊಂದು ದಾರಿ ಇದೆ ಎಂಬ ಲೆಕ್ಕ ಅವರದ್ದು, ಆ ಲೆಕ್ಕದಲ್ಲಿ ತಪ್ಪಿರಲಿಲ್ಲ.

767ರಲ್ಲಿ ಆ ಇನ್ನೊಂದು ದಾರಿಗೆ ಕೈಯಿಂದ ಎಳೆಯುವ ಕೇಬಲ್ ಇಲ್ಲ. ಒಂದು ಸ್ವಿಚ್ ಇದೆ. ಸ್ವಿಚ್ ಒತ್ತಿದರೆ ಒಂದು ವಿದ್ಯುತ್ ಮೋಟರ್ ಕೊಕ್ಕೆಗಳನ್ನು ಬಿಡಿಸುತ್ತದೆ. ವಾರ್ಸಾ ಹತ್ತಿರ ಬಂದು ಒತ್ತಿದರು. ಏನೂ ಆಗಲಿಲ್ಲ. ಸುತ್ತು ಹಾಕಿದರು, ಮತ್ತೆ ಪ್ರಯತ್ನಿಸಿದರು. ಪೋಲೆಂಡ್ ವಾಯುಪಡೆಯ ಎಫ್-16 ವಿಮಾನಗಳು ಪಕ್ಕಕ್ಕೆ ಬಂದು ನೋಡಿ, ಚಕ್ರ ಇಳಿದಿಲ್ಲ ಎಂದು ಖಾತ್ರಿ ಮಾಡಿದವು. ಕ್ಯಾಪ್ಟನ್ ತಾದೆವುಷ್ ವ್ರೋನಾ ಎಂಜಿನ್ ಕವಚಗಳ ಮೇಲೇ ಜಾರಿಸಿ ನಿಲ್ಲಿಸಿದರು. ಒಬ್ಬರಿಗೂ ಗಾಯವಿಲ್ಲ. ಅವರು ಗ್ಲೈಡರ್ ಪೈಲಟ್ ಕೂಡ ಹೌದು. ಆ ಇಳಿಕೆಯ ವಿಡಿಯೊ ಇದೆ, ನೋಡಿ. ರೆಕ್ಕೆ ಒಂದಿಷ್ಟೂ ವಾಲುವುದಿಲ್ಲ.

ಆಮೇಲಿನ ಕಥೆಯೇ ನನ್ನಂಥವರಿಗೆ ಹೊಟ್ಟೆ ಉರಿಸುವುದು. ವಿಮಾನವನ್ನು ಮೇಲಕ್ಕೆತ್ತಿದರು. ಕಾಕ್‌ಪಿಟ್‌ನಲ್ಲಿ ನೋಡಿದರೆ ಬಲಗಡೆ ಕೆಳಮೂಲೆಯಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್ (ಕರೆಂಟ್ ಕಡಿದಾಗ ಹೊರಗೆ ಚಿಮ್ಮುವ ಗುಂಡಿ) ಹೊರಗೆ ಬಂದಿತ್ತು. ಸಿ829 ಅದರ ಹೆಸರು. ಆ ಮೋಟರ್‌ಗೆ ಕರೆಂಟ್ ಹೋಗುವುದು ಅದರ ಮೂಲಕ. ಒಳಗೆ ಒತ್ತಿದರು, ಸ್ವಿಚ್ ಹಾಕಿದರು, ಚಕ್ರ ಮೂರೂ ಇಳಿದವು. ಆ ಬ್ರೇಕರ್ ಇರುವುದು ನೆಲದ ಹತ್ತಿರ, ಕಾಲೋ ಬ್ಯಾಗೋ ತಾಗಬಹುದಾದ ಜಾಗದಲ್ಲಿ. ವಿಮಾನ ಗುಜರಿಗೆ ಹೋಯಿತು.

ಪ್ರಶ್ನೆರಾಯ

ಹೊರಗೆ ಬಂದ ಒಂದು ಗುಂಡಿಯನ್ನು ಅಷ್ಟು ಹೊತ್ತಾದರೂ ಯಾರೂ ನೋಡಲಿಲ್ಲವೇ? ಇದನ್ನು ಹೀರೋ ಕಥೆ ಮಾಡಿ ಹೇಳುತ್ತಾರೆ. ನನಗಂತೂ ಬೇರೆಯದೇ ಕಾಣುತ್ತದೆ.

ಬಲಗಡೆ_ಸೀಟು

ಎರಡೂ ಹೌದು ರಾಯರೇ. ಹುಡುಕಾಟದಲ್ಲಿ ಒಂದು ಬ್ರೇಕರ್ ತಪ್ಪಿಹೋಯಿತು. ಇಳಿಸಿದ್ದು ಅದ್ಭುತವಾಗಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಕಾಕ್‌ಪಿಟ್‌ನಲ್ಲಿ ನೂರಾರು ಬ್ರೇಕರ್‌ಗಳಿವೆ, ಬಹಳಷ್ಟು ನಮ್ಮ ಬೆನ್ನ ಹಿಂದೆಯೋ ಮೊಣಕಾಲಿನ ಕೆಳಗೋ ಇರುತ್ತವೆ. ಹೊರಗೆ ಬಂದದ್ದೂ ಒಳಗಿರುವುದೂ ಕೆಲವು ಮಿಲಿಮೀಟರ್ ವ್ಯತ್ಯಾಸ.

ನಾನು ಹೇಳಬೇಕೆಂದಿದ್ದದ್ದು ಬೇರೆ. ಚಕ್ರ ಕೈಕೊಟ್ಟ ವಿಮಾನಗಳ ಪಟ್ಟಿ ನೋಡಿದರೆ, ಜನ ಸತ್ತ ದೊಡ್ಡ ಎರಡು ಪ್ರಕರಣಗಳಲ್ಲಿ ಚಕ್ರ ಇಳಿದೇ ಇತ್ತು. ಹೌದು, ಇಳಿದೇ ಇತ್ತು.

ಮಯಾಮಿ, 1972ರ ಡಿಸೆಂಬರ್ 29ರ ರಾತ್ರಿ. ಈಸ್ಟರ್ನ್ 401, ಟ್ರೈಸ್ಟಾರ್ ವಿಮಾನ. ಮೂಗಿನ ಚಕ್ರದ ಹಸಿರು ದೀಪ ಬರಲಿಲ್ಲ. 2,000 ಅಡಿಗೆ ಏರಿ ಆಟೊಪೈಲಟ್ ಹಾಕಿ ಆ ದೀಪದ ಹಿಂದೆ ಬಿದ್ದರು. ಒಬ್ಬರು ಬಲ್ಬಿನ ಕವಚ ಕೀಳಲು ಒದ್ದಾಡುತ್ತಿದ್ದರು, ಅದು ಅಡ್ಡ ಸಿಕ್ಕಿಕೊಂಡಿತ್ತು. ಇಬ್ಬರು ಕೆಳಗಿನ ಗೂಡಿಗೆ ಇಳಿದು ಇಣುಕಿ ನೋಡಲು ಹೋದರು. ಈ ಗಡಿಬಿಡಿಯಲ್ಲಿ ಯಾರೋ ಗೊತ್ತಿಲ್ಲದೆ ಕಂಟ್ರೋಲ್ ಕಾಲಮ್ ತಳ್ಳಿ, ಎತ್ತರ ಹಿಡಿದಿಡುವ ಮೋಡ್ ಬಿಟ್ಟುಹೋಯಿತು. ವಿಮಾನ ಮೆಲ್ಲಗೆ ಇಳಿಯತೊಡಗಿತು. ಎಚ್ಚರಿಕೆಯ ಗಂಟೆ ಒಮ್ಮೆ ಬಾರಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ಹೊರಗೆ ಎವರ್‌ಗ್ಲೇಡ್ಸ್ ಜೌಗು, ಒಂದು ದೀಪವೂ ಇಲ್ಲದ ಕತ್ತಲು. 101 ಜನ ಸತ್ತರು. ತನಿಖೆಯಲ್ಲಿ ಗೊತ್ತಾದದ್ದು, ಸುಟ್ಟುಹೋಗಿದ್ದು ಬಲ್ಬ್ ಮಾತ್ರ.

ಇನ್ನೊಂದು ಪೋರ್ಟ್‌ಲ್ಯಾಂಡ್, 1978ರ ಡಿಸೆಂಬರ್ 28. ಯುನೈಟೆಡ್ 173, ಡಿಸಿ-8. ಚಕ್ರ ಇಳಿಸುವಾಗ ಬಲಗಡೆಯದು ಧಡಾರ್ ಎಂದು ಬಿತ್ತು, ದೀಪದ ಸ್ವಿಚ್ ಹಾಳಾಯಿತು. ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತುತ್ತಾ ಕ್ಯಾಬಿನ್ ಸಿದ್ಧ ಮಾಡಿಸುತ್ತಿದ್ದರು. ಫ್ಲೈಟ್ ಎಂಜಿನಿಯರ್‌ಗೆ ಇಂಧನ ಮುಗಿಯುತ್ತಿರುವುದು ಕಾಣುತ್ತಿತ್ತು. ಹೇಳಿದರು ಕೂಡ, ಆದರೆ ಕ್ಯಾಪ್ಟನ್‌ಗೆ ಎದುರಾಡಿದ ಹಾಗೆ ಆಗಬಾರದು ಎಂಬಂತೆ ಮೆಲ್ಲಗೆ. ಒಂದೊಂದಾಗಿ ಎಂಜಿನ್ ನಿಂತವು. ಊರಂಚಿನ ಮನೆಗಳ ನಡುವೆ ಬಿತ್ತು. 189 ಜನರಲ್ಲಿ 10 ಮಂದಿ ಸತ್ತರು. ಇಂಧನವೇ ಇರದಿದ್ದರಿಂದ ಬೆಂಕಿ ಏಳಲಿಲ್ಲ, ಅದಕ್ಕೇ ಅಷ್ಟು ಮಂದಿ ಉಳಿದರು.

ಇವತ್ತು ನಮಗೆಲ್ಲ ಕಡ್ಡಾಯವಾಗಿರುವ ಸಿಆರ್‌ಎಂ ತರಬೇತಿ, ಅಂದರೆ ಕಿರಿಯರು ಬಾಯಿ ಬಿಟ್ಟು ಹೇಳುವುದು, ಹಿರಿಯರು ಕೇಳುವುದು, ಅದು ಹುಟ್ಟಿಕೊಂಡದ್ದು ಇಂಥ ಅಪಘಾತಗಳಿಂದ. ಯುನೈಟೆಡ್‌ನವರೇ 1981ರಲ್ಲಿ ಮೊದಲು ಶುರು ಮಾಡಿದರು. “ಸಾರ್” ಸಂಸ್ಕೃತಿಯಲ್ಲಿ ಬೆಳೆದ ನಮ್ಮವರಿಗೆ ಇದು ಕಲಿಯುವುದು ಸುಲಭ ಅಲ್ಲ ಬಿಡಿ. ಇಪ್ಪತ್ತು ವರ್ಷ ಹಿರಿಯರಿಗೆ “ಸಾರ್, ಇಂಧನ ಇಷ್ಟೇ ಇದೆ, ಈಗಲೇ ಇಳಿಯಬೇಕು” ಎಂದು ಗಟ್ಟಿಯಾಗಿ ಹೇಳಿ ನೋಡಿ, ಗಂಟಲು ಕಟ್ಟುತ್ತದೆ.

ಪ್ರಶ್ನೆರಾಯ

ಈಗ ನಿಮ್ಮ ಮಾತೇ ನಿಮಗೆ ತಿರುಗಿಬಿತ್ತು. ಮೊದಲು ಅವಸರ ಬೇಡ, ಸುತ್ತಿ ಅಂದಿರಿ. ಈಗ ಸುತ್ತಿ ಸುತ್ತಿ ಸತ್ತರು ಅನ್ನುತ್ತೀರಿ. ಯಾವುದು ಸರಿ?

ಬಲಗಡೆ_ಸೀಟು

ಸುತ್ತಿದ್ದರಿಂದ ಸಾಯಲಿಲ್ಲ, ಗಡಿಯಾರ ನೋಡದೆ ಸುತ್ತಿದ್ದರಿಂದ ಸತ್ತರು. ಹೋಲ್ಡ್‌ಗೆ ಹೋಗುವ ಮೊದಲೇ ಒಂದು ಅಂಕಿ ಬರೆದಿಟ್ಟುಕೊಳ್ಳಬೇಕು: ಇಂಧನ ಇಷ್ಟಕ್ಕೆ ಇಳಿದ ಕೂಡಲೆ ಚಕ್ರ ಸರಿಯಾಗಲಿ ಬಿಡಲಿ, ಇಳಿಯುತ್ತೇವೆ. ಅದನ್ನು ಇಬ್ಬರೂ ಒಪ್ಪಿರಬೇಕು. ಆಮೇಲೆ “ಇನ್ನೊಂದೇ ಸಲ ನೋಡೋಣ” ಎಂಬ ಮಾತಿಲ್ಲ. ಚಕ್ರ ಕೆಳಗಿಟ್ಟುಕೊಂಡು ಹಾರಿದರೆ ಇಂಧನದ ಲೆಕ್ಕ ಎಷ್ಟು ತಲೆಕೆಳಗಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2017ರಲ್ಲಿ ಕೋಲ್ಕತ್ತಾದಿಂದ ಮುಂಬೈಗೆ ಹೊರಟ ಒಂದು ವಿಮಾನ ಚಕ್ರ ಮಡಚುವುದನ್ನೇ ಮರೆತು ಹಾರಿ, ಇಂಧನ ಸಾಲದೆ ನಾಗ್ಪುರಕ್ಕೆ ತಿರುಗಿತು.

ಸಮಯವನ್ನು ಸರಿಯಾಗಿ ಬಳಸಿದ್ದು ಅಂದರೆ ಜೆಟ್‌ಬ್ಲೂ 292. 2005ರ ಸೆಪ್ಟೆಂಬರ್ 21, ಎ320. ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನಿಂದ ನ್ಯೂಯಾರ್ಕ್‌ಗೆ ಹೊರಟಿತು. ಮೂಗಿನ ಚಕ್ರ ಒಳಗೆ ಹೋಗಲಿಲ್ಲ. ಲಾಂಗ್ ಬೀಚ್ ಟವರ್ ಮುಂದೆ ಕೆಳಗೆ ಹಾರಿ ತೋರಿಸಿದರು. ಕೆಳಗಿನವರು ನೋಡಿ ಹೇಳಿದ್ದು, ಚಕ್ರ 90 ಡಿಗ್ರಿ ಅಡ್ಡ ತಿರುಗಿದೆ ಎಂದು. ಮೂರು ಗಂಟೆ ಇಂಧನ ಸುಟ್ಟರು. ಪ್ರಯಾಣಿಕರನ್ನೂ ಸಾಮಾನನ್ನೂ ಹಿಂದಕ್ಕೆ ಸರಿಸಿ ಮೂಗಿನ ಭಾರ ಕಡಿಮೆ ಮಾಡಿದರು. ಉದ್ದದ ರನ್‌ವೇ ಬೇಕೆಂದು ಲಾಸ್ ಏಂಜಲೀಸ್ ಆರಿಸಿಕೊಂಡರು. ಹಿಂದಿನ ಚಕ್ರದ ಮೇಲೆ ಇಳಿದು, ವೇಗ ಸಾಕಷ್ಟು ಇಳಿಯುವವರೆಗೂ ಮೂಗನ್ನು ಮೇಲೆ ಹಿಡಿದಿಟ್ಟರು. ಟೈರ್ ಚಿಂದಿಯಾಗಿ ರಿಮ್ ಅರ್ಧ ಸವೆದುಹೋಯಿತು, ಕಿಡಿ, ಬೆಂಕಿ ಎಲ್ಲ ಕಂಡಿತು. ವಿಮಾನ ಮಾತ್ರ ನಡುಗೆರೆ ಬಿಡಲಿಲ್ಲ. 146 ಜನ ಮೆಟ್ಟಿಲಿಳಿದು ನಡೆದುಹೋದರು.

ಸೀಟಿನ ಹಿಂದಿನ ಟಿವಿಯಲ್ಲಿ ಪ್ರಯಾಣಿಕರು ತಮ್ಮದೇ ವಿಮಾನದ ಲೈವ್ ಸುದ್ದಿ ನೋಡುತ್ತಿದ್ದರು, ಇಳಿಯುವ ಮೊದಲು ಆಫ್ ಮಾಡಿದರಂತೆ. ಒಳ್ಳೆಯದೇ ಮಾಡಿದರು.

ಹ್ಯಾಂಗರ್_ಮಾವ

ಅದರ ಕಾರಣವೂ ಕೇಳಿ. ಮೂಗಿನ ಕಾಲಿನ ಶಾಕ್ ಅಬ್ಸಾರ್ಬರ್ ತಿರುಗದಂತೆ ಹಿಡಿಯುವ ಸಣ್ಣ ಲೋಹದ ಮುಂಚಾಚುಗಳು ಇರುತ್ತವೆ. ಅವು ದಣಿದು ಮುರಿದಿದ್ದವು. ಯಾಕೆ ದಣಿದವು? ಪ್ರತಿ ಸಲ ಇಳಿಯುವ ಮೊದಲು ಕಂಪ್ಯೂಟರ್ ಸ್ಟೀರಿಂಗ್ ಸರಿಯಿದೆಯೇ ಎಂದು ಚಕ್ರವನ್ನು ಅತ್ತಿತ್ತ ಅಲ್ಲಾಡಿಸಿ ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆಯ ಪೆಟ್ಟೇ ಸಾವಿರಾರು ಸಲ ಬಿದ್ದು ಬಿರುಕು ಬಿಟ್ಟಿತು. ಮೇಲಾಗಿ ಚಕ್ರ ಅಡ್ಡ ತಿರುಗಿದ ಮೇಲೆ ಅದನ್ನು ನೇರ ಮಾಡಬೇಕಾಗಿದ್ದ ಅದೇ ಕಂಪ್ಯೂಟರ್, ತೊಂದರೆ ಇದೆ ಎಂದು ಸ್ಟೀರಿಂಗ್ ಬಂದ್ ಮಾಡಿ ಕೂತಿತು. ರೋಗ ನೋಡಲು ಬಂದ ವೈದ್ಯನೇ ರೋಗ ಹಚ್ಚಿದ ಹಾಗೆ.

ಜಂಪ್_ಸೀಟ್

ಎಲ್ಲರೂ ಮುಂದಿನ ಬಾಗಿಲೊಳಗಿನ ಕಥೆ ಹೇಳಿದಿರಿ. ಹಿಂದಿನದು ನಾನು ಹೇಳುತ್ತೇನೆ. ಕ್ಯಾಬಿನ್ ಕ್ರೂ ಆಗಿದ್ದೆ, ಈಗ ತರಬೇತಿ ಕೊಡುತ್ತೇನೆ.

ಕ್ಯಾಪ್ಟನ್ ನಮ್ಮನ್ನು ಕರೆದು ನಾಲ್ಕು ವಿಷಯ ಹೇಳುತ್ತಾರೆ: ಏನಾಗಿದೆ, ಏನು ಮಾಡುತ್ತೇವೆ, ಎಷ್ಟು ಸಮಯ ಇದೆ, ಏನಾದರೂ ವಿಶೇಷ ಸೂಚನೆ. ನಮಗೆ ಮುಖ್ಯ ಮೂರನೆಯದು. ಇಪ್ಪತ್ತು ನಿಮಿಷ ಇದ್ದರೆ ಒಂದು ರೀತಿ, ಐದು ನಿಮಿಷ ಇದ್ದರೆ ಇನ್ನೊಂದು ರೀತಿ.

ಹಿಮ್ಮಡಿ ಎತ್ತರದ ಚಪ್ಪಲಿ ಬಿಚ್ಚಿಸುತ್ತೇವೆ, ಬಾಗಿಲಿನಿಂದ ನೆಲಕ್ಕೆ ಜಾರಿ ಇಳಿಯುವ ಗಾಳಿ ತುಂಬಿದ ಜಾರು ದೋಣಿ ಹರಿದರೆ ಕಷ್ಟ. ಜೇಬಿನ ಪೆನ್ನು, ತಲೆಗೆ ಚುಚ್ಚಿದ ಕ್ಲಿಪ್, ಕನ್ನಡಕ ತೆಗೆಸುತ್ತೇವೆ. ಗಟ್ಟಿಮುಟ್ಟಾದ ಒಬ್ಬಿಬ್ಬರನ್ನು ಆರಿಸಿ ಬಾಗಿಲ ಹತ್ತಿರ ಕೂರಿಸಿ, “ನನಗೆ ಏನಾದರೂ ಆದರೆ ಈ ಹಿಡಿ ಹೀಗೆ ತಿರುಗಿಸಿ” ಎಂದು ತೋರಿಸುತ್ತೇವೆ. ಒಂಟಿಯಾಗಿ ಬಂದ ವಯಸ್ಸಾದವರ ಪಕ್ಕಕ್ಕೆ ಒಬ್ಬರನ್ನು ಕೂರಿಸುತ್ತೇವೆ. ಗಲ್ಫ್ ವಿಮಾನಗಳಲ್ಲಿ ಕನ್ನಡ, ತುಳು ಬಿಟ್ಟು ಬೇರೆ ಬಾರದ ಅಜ್ಜಿಯಂದಿರು ಇರುತ್ತಾರೆ. ಇಂಗ್ಲಿಷ್ ಅನೌನ್ಸ್‌ಮೆಂಟ್ ಅವರ ಪಾಲಿಗೆ ಬರೀ ಸದ್ದು. ಅವರ ಮುಂದೆ ಮಂಡಿಯೂರಿ ಕೂತು “ಅಜ್ಜಿ, ತಲೆ ಹೀಗೆ ಬಗ್ಗಿಸಿ, ಕೈ ಹೀಗೆ ಇಡಿ, ನಾನು ಬಾ ಅಂದಾಗ ಚೀಲ ಬಿಟ್ಟು ಬನ್ನಿ” ಎಂದು ಹೇಳಿದರೆ ಒಂದೇ ಸಲಕ್ಕೆ ಮಾಡುತ್ತಾರೆ. ಚೀಲ ಬಿಡಲು ಹಟ ಮಾಡುವುದು ಅವರಲ್ಲ, ಲ್ಯಾಪ್‌ಟಾಪ್ ಇರುವವರು.

ಇನ್ನೊಂದು. ಮೂಗಿನ ಚಕ್ರ ಇಲ್ಲದೆ ಇಳಿದರೆ ಬಾಲ ಮೇಲೇಳುತ್ತದೆ, ಹಿಂದಿನ ಬಾಗಿಲಿನ ಜಾರು ದೋಣಿ ನೆಲ ಮುಟ್ಟದೆ ನೇತಾಡಬಹುದು. ಒಂದು ಬದಿಯ ಚಕ್ರ ಇಲ್ಲದಿದ್ದರೆ ಆ ಬದಿಗೆ ವಾಲುತ್ತದೆ. ಯಾವ ಬಾಗಿಲು ಬಳಸಬಹುದು ಎಂಬುದನ್ನು ನಾವು ನಿಂತ ಮೇಲೆ ಹೊರಗೆ ನೋಡಿಯೇ ತೀರ್ಮಾನಿಸುವುದು. ಹತ್ತಿರದ ಬಾಗಿಲಿನಿಂದ ನಿಮ್ಮನ್ನು ಹಿಂದಕ್ಕೆ ಕಳಿಸಿದರೆ ಜಗಳ ಆಡಬೇಡಿ.

ಕಿಟಕಿ_ಸೀಟು

ಮೇಡಂ, ಇದನ್ನು ಅಮ್ಮನಿಗೆ ಓದಿ ಹೇಳಿದೆ. “ಚೀಲದಲ್ಲಿ ಉಪ್ಪಿನಕಾಯಿ ಇದ್ದರೂ ಬಿಡಬೇಕಾ” ಎಂದು ಕೇಳಿದರು.

ರನ್‌ವೇ ಮೇಲೆ ನೊರೆ ಹಾಕುತ್ತಾರಲ್ಲ, ಅದು ಕಡ್ಡಾಯವಾ?

ಜಂಪ್_ಸೀಟ್

ಉಪ್ಪಿನಕಾಯಿ ಕೂಡ ಬಿಡಬೇಕು ಎನ್ನಿ.

ಬಲಗಡೆ_ಸೀಟು

ನೊರೆ ಕಡ್ಡಾಯ ಅಲ್ಲ. ವಾರ್ಸಾದಲ್ಲಿ ಹಾಕಿದ್ದರು. ಆದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನೊರೆ ಹಾಕುವ ಸಲಹೆಯನ್ನು ಎಂಬತ್ತರ ದಶಕದಲ್ಲೇ ಹಿಂತೆಗೆದುಕೊಂಡಿತು. ವಿಮಾನ ಸರಿಯಾಗಿ ನೊರೆ ಹಾಕಿದ ಜಾಗದಲ್ಲೇ ಮುಟ್ಟುತ್ತದೆ ಎಂದು ಹೇಗೆ ಹೇಳುವುದು? ನೊರೆ ಎಲ್ಲ ನೆಲಕ್ಕೆ ಸುರಿದರೆ, ನಿಜವಾಗಿ ಬೆಂಕಿ ಎದ್ದಾಗ ಅಗ್ನಿಶಾಮಕ ಗಾಡಿಯ ಟ್ಯಾಂಕ್ ಖಾಲಿ. ನಿಂತ ಮೇಲೆ ವಿಮಾನದ ಮೇಲೆ ಹಾಕುವುದೇ ಜಾಸ್ತಿ ಉಪಯೋಗ.

ಟವರ್ ಮುಂದೆ ಹಾರಿ ತೋರಿಸುವುದೂ ಅಷ್ಟೇ. ಚಕ್ರ ಕೆಳಗಿದೆ, ಅಡ್ಡ ತಿರುಗಿದೆ, ಟೈರ್ ಇಲ್ಲ, ಇವೆಲ್ಲ ಕಾಣಿಸುತ್ತದೆ. ಲಾಕ್ ಆಗಿದೆಯೋ ಇಲ್ಲವೋ ಎಂಬುದು ಬೈನಾಕ್ಯುಲರ್‌ಗೆ ಕಾಣಿಸುವುದಿಲ್ಲ.

ತುಂಗಾತೀರ

ನಾವು ಶಿವಮೊಗ್ಗದವರು. ಇಲ್ಲಿಗೆ ಬರುವುದು ಜಾಸ್ತಿ ರೆಕ್ಕೆ ಮೇಲಿರುವ ಫ್ಯಾನ್ ವಿಮಾನ. ಅದರಲ್ಲಿ ಹೀಗಾದರೆ? ಬೆಂಗಳೂರಿನಲ್ಲೂ ಒಮ್ಮೆ ಮೂಗು ನೆಲಕ್ಕೆ ಉಜ್ಜಿಕೊಂಡು ಒಂದು ವಿಮಾನ ಇಳಿದದ್ದು ನೋಡಿದ ನೆನಪು.

ಹ್ಯಾಂಗರ್_ಮಾವ

ಬೆಂಗಳೂರಿನದು 2023ರ ಜುಲೈ 11. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ಹೊರಟ ಪ್ರೀಮಿಯರ್ 1ಎ, ಸಣ್ಣ ಜೆಟ್. ಮೂಗಿನ ಚಕ್ರದ ತೊಂದರೆಯಿಂದ ವಾಪಸ್ ಎಚ್‌ಎಎಲ್‌ಗೇ ಬಂದು, ಮೂಗಿನ ಚಕ್ರ ಇಲ್ಲದೆ ಇಳಿಯಿತು. ಒಳಗೆ ಇಬ್ಬರು ಪೈಲಟ್‌ಗಳು ಮಾತ್ರ, ಇಬ್ಬರೂ ಕ್ಷೇಮ.

ಫ್ಯಾನ್ ವಿಮಾನ ಅಂದಿರಲ್ಲ. ಅದರಲ್ಲಿ ಎಟಿಆರ್ ಬೇರೆ, ಕ್ಯೂ400 ಬೇರೆ. ಎಟಿಆರ್‌ನ ಹಿಂದಿನ ಚಕ್ರ ಹೊಟ್ಟೆಯ ಪಕ್ಕದಲ್ಲೇ, ಗಿಡ್ಡ ಕಾಲು. ಕ್ಯೂ400ರದು ಎಂಜಿನ್ ಗೂಡಿನಿಂದ ಇಳಿಯುವ ಉದ್ದ ಕಾಲು. ಆ ಕಾಲು ಮುರಿದರೆ ರೆಕ್ಕೆ ವಾಲಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. 2015ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯಲ್ಲಿ ಮಳೆಯ ನಡುವೆ ಇಳಿದ ಕ್ಯೂ400 ರನ್‌ವೇ ಬಿಟ್ಟು ಜಾರಿ ಎಡಗಾಲು ಮುರಿದುಕೊಂಡಿತ್ತು, ಅದು ಜಾರಿದ್ದರಿಂದ ಆದದ್ದು, ಚಕ್ರದ ದೋಷದಿಂದಲ್ಲ. ಪುಣ್ಯಕ್ಕೆ ಯಾರಿಗೂ ಏನಾಗಲಿಲ್ಲ.

ಚಕ್ರದ ದೋಷ ನೋಡಬೇಕಾದರೆ ಸ್ಕ್ಯಾಂಡಿನೇವಿಯಾಕ್ಕೆ ಹೋಗಿ. 2007ರಲ್ಲಿ ಎಸ್‌ಎಎಸ್ ಸಂಸ್ಥೆಯ ಕ್ಯೂ400ಗಳಲ್ಲಿ ಎರಡು ತಿಂಗಳೊಳಗೆ ಮೂರು ಸಲ ಬಲಗಾಲು ಕೈಕೊಟ್ಟಿತು. ಸೆಪ್ಟೆಂಬರ್ 9ಕ್ಕೆ ಆಲ್‌ಬೋರ್ಗ್, 12ಕ್ಕೆ ವಿಲ್ನಿಯಸ್, ಅಕ್ಟೋಬರ್ 27ಕ್ಕೆ ಕೋಪನ್‌ಹೇಗನ್. ಮೊದಲ ಎರಡರಲ್ಲಿ ಚಕ್ರ ಎಳೆಯುವ ಆಕ್ಚುಯೇಟರ್‌ನ ತಿರುಪಿನೊಳಗೆ ತುಕ್ಕು. ಮೂರನೆಯದರಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆಯ ಚೂರು ಸಣ್ಣ ತೂತಿಗೆ ಸಿಕ್ಕಿಕೊಂಡು ಎಣ್ಣೆ ಹರಿಯಲಿಲ್ಲ. ಆಲ್‌ಬೋರ್ಗ್‌ನಲ್ಲಿ ಪ್ರೊಪೆಲ್ಲರ್ ಚೂರು ಕ್ಯಾಬಿನ್ ಗೋಡೆ ಸೀಳಿ ಒಳಗೆ ಬಂತು. ಕೋಪನ್‌ಹೇಗನ್ ಪೈಲಟ್‌ಗಳು ಅಷ್ಟರಲ್ಲಿ ಪಾಠ ಕಲಿತಿದ್ದರು, ಇಳಿಯುವ ಮೊದಲೇ ಬಲಗಡೆ ಎಂಜಿನ್ ನಿಲ್ಲಿಸಿದರು. ಆಮೇಲೆ ಆ ಸಂಸ್ಥೆ ತನ್ನ ಎಲ್ಲ ಕ್ಯೂ400ಗಳನ್ನೂ ಮನೆಗೆ ಕಳಿಸಿತು.

ಪ್ರಶ್ನೆರಾಯ

ಹೊಟ್ಟೆ ಉಜ್ಜಿ ಇಳಿದವೆಲ್ಲ ಸುಖಾಂತ್ಯದ ಕಥೆಗಳು. ದಕ್ಷಿಣ ಕೊರಿಯಾದ ಮುವಾನ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. 2024ರ ಡಿಸೆಂಬರ್ 29, ಜೆಜು ಏರ್, 737-800. 179 ಜನ ಸತ್ತರು. ಇಬ್ಬರು ಉಳಿದರು. ಅದೂ ಹೊಟ್ಟೆ ಮೇಲೆಯೇ ಇಳಿದದ್ದು.

ಬಲಗಡೆ_ಸೀಟು

ಬಾಯಿ ಬಿಡದಿರಲು ಕಾರಣ ಇದೆ. ಅಲ್ಲಿ ಮೊದಲು ಹಕ್ಕಿ ಬಡಿಯಿತು. ಕೆಲವೇ ನಿಮಿಷದಲ್ಲಿ ಚಕ್ರ ಇಲ್ಲದೆ ರನ್‌ವೇ ಮುಟ್ಟಿತು. ಜಾರಿ ರನ್‌ವೇ ದಾಟಿತು, ತುದಿಯಾಚೆ ಆಂಟೆನಾ ನಿಲ್ಲಿಸಲು ಕಟ್ಟಿದ್ದ ಕಾಂಕ್ರೀಟ್ ದಿಬ್ಬಕ್ಕೆ ಬಡಿಯಿತು. ಹೊಟ್ಟೆ ಮೇಲೆ ಜಾರಿದ ವಿಮಾನ ಅಲ್ಲಿಯವರೆಗೆ ಇಡಿಯಾಗಿಯೇ ಇತ್ತು. ವಾರ್ಸಾದವರಿಗೆ ಸುತ್ತಲು ಸಮಯವಿತ್ತು, ನಿಧಾನ ಮಾಡಿಕೊಂಡು ರನ್‌ವೇಯ ಸರಿಯಾದ ಜಾಗಕ್ಕೆ ಬಂದರು, ನೆಲದ ಮೇಲೆ ಅಗ್ನಿಶಾಮಕದವರು ಸಾಲಾಗಿ ಕಾಯುತ್ತಿದ್ದರು. ಮುವಾನ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಅದನ್ನು ಬರೀ ಚಕ್ರದ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

2020ರ ಮೇ 22ರ ಕರಾಚಿಯದೂ ಹಾಗೇ. ಅಲ್ಲಿ ಚಕ್ರ ಕೆಟ್ಟಿರಲೇ ಇಲ್ಲ. ಇಳಿಸಿದ್ದ ಚಕ್ರವನ್ನು ಮತ್ತೆ ಮೇಲೆಳೆದು, ಎಚ್ಚರಿಕೆ ಕೂಗುತ್ತಿದ್ದರೂ ಎಂಜಿನ್ ಮೇಲೆ ಉಜ್ಜಿ, ಮತ್ತೆ ಮೇಲೇರಿದರು. ಉಜ್ಜಿದ ಎಂಜಿನ್ ಎರಡೂ ನಿಂತವು. ವಿಮಾನದಲ್ಲಿದ್ದ 99 ಜನರಲ್ಲಿ 97 ಮಂದಿ ಹೋದರು. ಮುಟ್ಟಿದ ಮೇಲೆ ಅಲ್ಲೇ ಜಾರಲು ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಪೈಲಟ್‌ಗಳು ಈಗಲೂ ವಾದ ಮಾಡುತ್ತಾರೆ. ಬಹುಪಾಲು ಉಳಿಯುತ್ತಿದ್ದರು ಎಂಬುದು ನನ್ನ ಅನಿಸಿಕೆ.

ಪ್ರಶ್ನೆರಾಯ

ಸರಿ, ಇದನ್ನು ಒಪ್ಪಿದೆ. ದಿಬ್ಬದ ವಿಷಯಕ್ಕೆ ಬೇರೆ ಥ್ರೆಡ್ ತೆಗೆಯುತ್ತೇನೆ, ನಮ್ಮ ನಿಲ್ದಾಣಗಳ ರನ್‌ವೇ ತುದಿಯಲ್ಲಿ ಏನೇನಿದೆ ಎಂದು ನೋಡಬೇಕು.

ಕಿಟಕಿ_ಸೀಟು

ಕೊನೆಯ ಪ್ರಶ್ನೆ. ಚಕ್ರ ಇಳಿದು, ವಿಮಾನ ನಿಂತು, ಎಲ್ಲ ಸರಿಯಾಯಿತು ಅನ್ನಿ. ಆದರೂ ಪ್ರಯಾಣಿಕರನ್ನು ಇಳಿಸಲು ಇಷ್ಟು ಹೊತ್ತು ಯಾಕೆ ಕಾಯಿಸುತ್ತಾರೆ? ಹೊರಗೆ ಒಬ್ಬ ಚಕ್ರದ ಹತ್ತಿರ ಬಗ್ಗಿ ಏನೋ ಮಾಡುತ್ತಿರುತ್ತಾನೆ.

ಹ್ಯಾಂಗರ್_ಮಾವ

ಪಿನ್ ಹಾಕುತ್ತಿರುತ್ತಾನೆ. ಹೆಬ್ಬೆರಳು ಗಾತ್ರದ ಉಕ್ಕಿನ ಪಿನ್, ತುದಿಗೆ ಉದ್ದನೆಯ ಕೆಂಪು ಪಟ್ಟಿ. ಕಾಲಿನ ಲಾಕ್‌ನ ತೂತಿಗೆ ತೂರಿಸಿದರೆ ಯಾವ ಕಾರಣಕ್ಕೂ ಚಕ್ರ ಮಡಚಿಕೊಳ್ಳುವ ಹಾಗಿಲ್ಲ. ಲಾಕ್ ಮೇಲೆ ಅನುಮಾನ ಇರುವಾಗ ಪಿನ್ ಬೀಳದೆ ವಿಮಾನ ಅಲ್ಲಾಡಿಸುವುದಿಲ್ಲ, ಎಳೆಯುವುದಿಲ್ಲ. ಅಷ್ಟು ಜನ ಒಟ್ಟಿಗೆ ಎದ್ದು ಮುಂದಕ್ಕೆ ನುಗ್ಗಿದರೆ ಭಾರ ಸರಿಯುತ್ತದಲ್ಲ.

ಎಣಿಸಿ ಹಾಕಿ ಎಣಿಸಿ ತೆಗೆಯಬೇಕು. ತೆಗೆದ ಮೇಲೆ ಕಾಕ್‌ಪಿಟ್‌ನ ಡಬ್ಬಿಗೆ ವಾಪಸ್, ಪೈಲಟ್‌ಗೆ ತೋರಿಸಿ. ಒಂದು ಮರೆತರೆ ಮುಂದಿನ ಹಾರಾಟದಲ್ಲಿ ಚಕ್ರ ಒಳಗೆ ಹೋಗುವುದಿಲ್ಲ, ವಿಮಾನ ವಾಪಸ್ ಬರುತ್ತದೆ, ಆಗ ಟಿವಿಯವರು ಮತ್ತೆ ಮ್ಯಾಪ್ ಹಾಕುತ್ತಾರೆ.